ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ

ಲೆಕ್ಕದ ಜಗಲಿ



ಕಳೆದ ತಿಂಗಳು ಈ ಜಗಲಿಯಲ್ಲಿ ಲ.ಸಾ.ಅ., ಮ.ಸಾ.ಅ.ಗಳ ವಿಚಾರವನ್ನು ಪ್ರಸ್ತಾಪಿಸುವಾಗ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ಕ್ರಮವನ್ನು ನಾವು ವಿವರಿಸಿದ್ದೆವು. ಅದನ್ನೋದಿದ ವಾಚಕರೊಬ್ಬರು ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಈ ಅವಿಭಾಜ್ಯ ಸಂಖ್ಯೆಗಳಿಗೆ ಎಲ್ಲಿಯಾದರೂ ಕೊನೆಯುಂಟೇ? ಇಲ್ಲವೆಂದಾದರೆ, ಮನುಷ್ಯನು ಇದುವರೆಗೆ ಎಷ್ಟು ದೊಡ್ಡ ಅವಿಭಾಜ್ಯವನ್ನು ಕಂಡಿದ್ದಾನೆ? ಅಷ್ಟು ದೊಡ್ಡ ಸಂಖ್ಯೆಯನ್ನು ಬೇರಾವ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸದೆಂದು ಯಾರು ಭಾಗಿಸಿ ನೋಡಿದರು? ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಮೂರನೆಯದೇ ತೂಕದ ಪ್ರಶ್ನೆ. ನಮಗೆ ಒಂದು ವಿಷಯ ಗೊತ್ತಿದೆಯೆಂದು ಹೇಳಿಕೊಳ್ಳಬೇಕಾದರೆ ಅದಕ್ಕೆ ಆಧಾರವೇನಿರಬೇಕು ಎಂಬುದೇ ಅದರ ಒಳಗಿನ ತಿರುಳು. ಆದುದರಿಂದ ಈ ತಿಂಗಳ ಲೇಖನವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇವೆ.

ಒಂದಕ್ಕಿಂತ ದೊಡ್ಡದಾಗಿದ್ದು, ಒಂದರಿಂದಲೂ ತನ್ನಿಂದಲೂ ಅಲ್ಲದೆ ಬೇರೆ ಯಾವ ಪೂರ್ಣಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. 2, 3, 5, 7, 11, 13 ಇವೇ ಮೊದಲಾದುವು. ಗಡಿನಾಡಿನವರಾದ ನಮಗೆ ಇದರ ಹೆಸರುಗಳು ಹಲವು. ನೆರೆಮನೆಯ ಮಲಯಾಳಂ ಪುಸ್ತಕದಲ್ಲಿ ಇದು ‘ಅಭಾಜ್ಯ ಸಂಖ್ಯೆ’. ತಮಿಳಿನಲ್ಲಿ ‘ಪಗಾ ಎಣ್’, ತೆಲುಗಿನಲ್ಲಿ ‘ಪ್ರಧಾನ ಸಂಖ್ಯ’, ಮರಾಠಿಯಲ್ಲಿ ‘ಮೂಳ ಸಂಖ್ಯಾ’. ಮಲಯಾಳಂ, ತಮಿಳು, ಕನ್ನಡಗಳು ‘ಒಡೆಯಲಾಗದ್ದು’ ಎಂಬ ಗುಣವನ್ನು ಹಿಡಿದು ಹೆಸರಿಟ್ಟವು. ತೆಲುಗು, ಮರಾಠಿಗಳು ‘ಎಲ್ಲಕ್ಕೂ ಮೊದಲಿನದು’ ಎಂಬ ಗುಣವನ್ನು ಹಿಡಿದುವು. ಎರಡೂ ಸರಿಯೇ. ಯಾವ ಭಾಷೆಯಲ್ಲಿ ಕಲಿತರೂ 7 ಏಳೇ, ಅದನ್ನು ಒಡೆಯಲಾಗದು.

ಕೊನೆಯಿಲ್ಲವೆಂಬುದು

ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂಬುದನ್ನು ಸುಮಾರು 2300 ವರ್ಷಗಳ ಹಿಂದೆಯೇ ಗ್ರೀಕ್ ಗಣಿತಜ್ಞನಾದ ಯೂಕ್ಲಿಡನು ಸಾಧಿಸಿಕೊಟ್ಟನು. ಆತನ ತರ್ಕ ಎಳೆಯರಿಗೂ ತಿಳಿಯುವಷ್ಟು ಸರಳ. 2, 3, 5, 7, 11, 13 ಇಷ್ಟೇ ಅವಿಭಾಜ್ಯಗಳು, ಮುಂದೆ ಇಲ್ಲ ಎಂದು ಯಾರಾದರೂ ವಾದಿಸಿದರೆನ್ನಿ. ಅವೆಲ್ಲವನ್ನೂ ಗುಣಿಸಿ ಒಂದನ್ನು ಕೂಡಿಸಿರಿ, 30031 ಬರುತ್ತದೆ. ಇದನ್ನು ಆ ಆರರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಉಳಿಯಲೇಬೇಕು. ಹಾಗಾದರೆ ಒಂದೋ ಅದೇ ಹೊಸ ಅವಿಭಾಜ್ಯ, ಇಲ್ಲವೇ ಅದನ್ನು ಭಾಗಿಸುವ ಹೊಸ ಅವಿಭಾಜ್ಯವೊಂದು ಹೊರಗಿದೆ. ವಾಸ್ತವದಲ್ಲಿ 30031 ಎಂಬುದು 59 ಮತ್ತು 509ರ ಗುಣಲಬ್ಧ, ಎರಡೂ ಪಟ್ಟಿಯಲ್ಲಿಲ್ಲದವು. ಪಟ್ಟಿ ಎಷ್ಟೇ ಉದ್ದವಿರಲಿ, ಈ ಯುಕ್ತಿಯಿಂದ ಅದರಾಚೆಗೆ ಒಂದು ಸಿಕ್ಕೇ ಸಿಗುತ್ತದೆ. ಆದುದರಿಂದ ‘ಅತಿ ದೊಡ್ಡ ಅವಿಭಾಜ್ಯ’ ಎಂಬುದು ಲೋಕದಲ್ಲಿ ಇಲ್ಲ. ‘ನಮಗೆ ತಿಳಿದಿರುವ ದೊಡ್ಡ ಅವಿಭಾಜ್ಯ’ ಎಂಬುದು ಮಾತ್ರ ಇರಬಲ್ಲುದು.

ನಾವು ಆರಿಸಿಕೊಂಡ ಸಂಖ್ಯೆ

ಹೀಗೆ ತಿಳಿದಿರುವವುಗಳಲ್ಲಿ ನಮ್ಮ ಮೆಚ್ಚಿನದೊಂದನ್ನು ವಾಚಕರ ಮುಂದಿಡುತ್ತೇವೆ. ಓದಲು ಅನುಕೂಲವಾಗಲೆಂದು ಮೂರು ಮೂರು ಅಂಕಿಗಳ ಗುಂಪು ಮಾಡಿದ್ದೇವೆ:

170 141 183 460 469 231 731 687 303 715 884 105 727

ಒಟ್ಟು ಮೂವತ್ತೊಂಬತ್ತು ಅಂಕಿಗಳು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ನಮ್ಮ ಸಂಖ್ಯೆಯು ಆ ಮಹಾಕ್ಷೋಭವನ್ನೂ ದಾಟಿ ಇನ್ನೂ ಹದಿನೈದು ಸ್ಥಾನ ಮೇಲಕ್ಕೆ ಹೋಗುತ್ತದೆ.

ನೋಡಲು ಅಡ್ಡಾದಿಡ್ಡಿಯಾಗಿ ಕಂಡರೂ ಇದರ ಹುಟ್ಟು ಬಹು ಸರಳ. ಎರಡನ್ನು 127 ಬಾರಿ ಬರೆದು ಗುಣಿಸಿ, ಬಂದುದರಿಂದ ಒಂದನ್ನು ಕಳೆದರೆ ಇದು ದೊರೆಯುತ್ತದೆ. ಲೆಕ್ಕದ ಭಾಷೆಯಲ್ಲಿ 2¹²⁷ − 1. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಇಮ್ಮಡಿಸುತ್ತ ಹೋಗಿ ರಾಜನ ಕಣಜವನ್ನೇ ಬರಿದು ಮಾಡಿದ ಕಥೆಯನ್ನು ಎಲ್ಲರೂ ಬಲ್ಲರು. ಅಲ್ಲಿ ಮನೆಗಳು 64. ನಮ್ಮ ಮಣೆಗೆ 127 ಮನೆಗಳಿವೆಯೆಂದು ಭಾವಿಸಿದರೆ, ಒಟ್ಟು ಕಾಳುಗಳ ಸಂಖ್ಯೆಯೇ ಮೇಲಿನ ಸಂಖ್ಯೆ.

ಛಂದಸ್ಸನ್ನು ಬಲ್ಲವರಿಗೆ ಈ ಇಮ್ಮಡಿಯ ಲೆಕ್ಕ ಹೊಸತಲ್ಲ. ಪ್ರತಿಯೊಂದು ಅಕ್ಷರವೂ ಲಘುವಾಗಬಹುದು ಅಥವಾ ಗುರುವಾಗಬಹುದು. ಆದುದರಿಂದ ಪಾದದಲ್ಲಿ ಒಂದಕ್ಷರ ಹೆಚ್ಚಿದಂತೆಲ್ಲ ವೃತ್ತಪ್ರಭೇದಗಳು ಇಮ್ಮಡಿಯಾಗುತ್ತವೆ. ಪಾದಕ್ಕೆ ಆರಕ್ಷರದ ಗಾಯತ್ರೀ ವರ್ಗದಲ್ಲಿ 64. ಇಪ್ಪತ್ತಾರಕ್ಷರದ ಉತ್ಕೃತಿ ವರ್ಗದಲ್ಲಿ 6,71,08,864. ಪಿಂಗಲನ ಪ್ರಸ್ತಾರವನ್ನು ಪಾದಕ್ಕೆ 127 ಅಕ್ಷರಗಳವರೆಗೆ ಎಳೆದು, ಎಲ್ಲವೂ ಗುರುವಾದ ಒಂದನ್ನು ಬಿಟ್ಟರೆ, ಉಳಿಯುವ ಪ್ರಭೇದಗಳು ನಮ್ಮ ಸಂಖ್ಯೆಯಷ್ಟೇ.

ಕೈಯಿಂದ ಎಷ್ಟು ದೂರ ಹೋಗಬಹುದು?

ಈಗ ಮೂರನೆಯ ಪ್ರಶ್ನೆಗೆ ಬರೋಣ. ಸಣ್ಣ ಭಾಜಕಗಳನ್ನು ನಾವೇ ಪರೀಕ್ಷಿಸಬಹುದು. ಅಂಕಿಗಳನ್ನೆಲ್ಲ ಕೂಡಿಸಿದರೆ 154 ಬರುತ್ತದೆ. ಅದು 3ರಿಂದ ಭಾಗವಾಗದು. ಆದುದರಿಂದ ಸಂಖ್ಯೆಯೂ ಭಾಗವಾಗದು. ಕೊನೆಯ ಅಂಕಿ 7 ಆದುದರಿಂದ 2, 5ಗಳ ಮಾತೇ ಇಲ್ಲ. 7, 11, 13 ಈ ಮೂರಕ್ಕೂ ಒಂದೇ ಉಪಾಯವುಂಟು. ಇವುಗಳ ಗುಣಲಬ್ಧ 1001. ಬಲದಿಂದ ಆರಂಭಿಸಿ ಮೂರಂಕಿಯ ಗುಂಪುಗಳನ್ನು ಒಂದನ್ನು ಕೂಡಿಸಿ ಮುಂದಿನದನ್ನು ಕಳೆಯುತ್ತ ಹೋಗಬೇಕು: 727ರಿಂದ 105 ಕಳೆ, 884 ಕೂಡಿಸು, 715 ಕಳೆ, ಹೀಗೆ. ಕೊನೆಗೆ 1128 ಬರುತ್ತದೆ. ಅದರಿಂದ 1001 ಕಳೆದರೆ ಉಳಿಯುವುದು 127. ಈ 127ನ್ನು 7 ಆಗಲಿ, 11 ಆಗಲಿ, 13 ಆಗಲಿ ಭಾಗಿಸದು. ಆದುದರಿಂದ ನಮ್ಮ ಸಂಖ್ಯೆಯನ್ನೂ ಭಾಗಿಸದು. ಎಂಟನೆಯ ತರಗತಿಯ ಮಕ್ಕಳಿಂದ ಇದನ್ನು ಮಾಡಿಸಬಹುದು, ಸ್ಲೇಟು ಸಾಕು.

ಆದರೆ ಹೀಗೆ ಎಲ್ಲಿಯವರೆಗೆ? ಒಂದು ಸಂಖ್ಯೆಗೆ ಭಾಜಕಗಳಿದ್ದರೆ ಅವುಗಳಲ್ಲಿ ಒಂದಾದರೂ ಅದರ ವರ್ಗಮೂಲದೊಳಗೆ ಇರಲೇಬೇಕು. ನಮ್ಮ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಿಗಳದ್ದು. ಕ್ಷಣಕ್ಕೆ ಹತ್ತು ಲಕ್ಷದಂತೆ ಒಂದೊಂದೇ ಭಾಜಕವನ್ನು ಪರೀಕ್ಷಿಸುವ ಯಂತ್ರವಿದ್ದರೂ, ಹಗಲಿರುಳು ದುಡಿದು ಕೆಲಸ ಮುಗಿಸಲು ಅದಕ್ಕೆ ನಾಲ್ಕು ಲಕ್ಷ ವರ್ಷಗಳಿಗಿಂತ ಹೆಚ್ಚು ಬೇಕು. ಹೀಗಿದ್ದೂ ಈ ಸಂಖ್ಯೆ ಅವಿಭಾಜ್ಯವೆಂಬುದು ಸಿದ್ಧವಾದುದು 1876ರಲ್ಲಿ. ಗಣಕಯಂತ್ರವಿಲ್ಲದ ಕಾಲದಲ್ಲಿ, ಒಬ್ಬ ಮನುಷ್ಯನ ಕೈಲೆಕ್ಕದಿಂದ. ಆತನು ಭಾಗಿಸಿ ನೋಡಲಿಲ್ಲ. ಭಾಗಿಸದೆಯೇ ತಿಳಿಯುವ ದಾರಿಯನ್ನು ಕಂಡುಕೊಂಡನು.

ಒಂದು ಪಟ್ಟಿಯ ಕಥೆ

ಆ ದಾರಿಗೆ ಮೊದಲು ಒಂದು ಪಟ್ಟಿಯ ಕಥೆಯನ್ನು ಹೇಳಬೇಕು. ಎರಡರ ಘಾತದಿಂದ ಒಂದನ್ನು ಕಳೆದ ಸಂಖ್ಯೆಗಳಿಗೆ ಫ್ರಾನ್ಸಿನ ಪಾದ್ರಿಯಾದ ಮೆರ್ಸೆನ್ ಎಂಬಾತನ ಹೆಸರು ಅಂಟಿಕೊಂಡಿದೆ. ಇವುಗಳಲ್ಲಿ ಘಾತಸೂಚಿಯೇ ಭಾಜ್ಯವಾಗಿದ್ದರೆ ಸಂಖ್ಯೆಯೂ ಭಾಜ್ಯವೇ. ಕಾರಣವನ್ನು ಕಾಳುಗಳಿಂದಲೇ ತಿಳಿಯಬಹುದು. ಆರು ಮನೆಗಳ ಕಾಳು 1, 2, 4, 8, 16, 32, ಮೊತ್ತ 63. ಎರಡೆರಡು ಮನೆಗಳನ್ನು ಜೋಡಿ ಮಾಡಿದರೆ 3, 12, 48. ಎಲ್ಲವೂ ಮೂರರ ಮಡಿಗಳು. ಮೂರು ಮೂರು ಮನೆಗಳನ್ನು ಸೇರಿಸಿದರೆ 7, 56; ಎರಡೂ ಏಳರ ಮಡಿಗಳು. ಆದುದರಿಂದ 63ನ್ನು 3 ಮತ್ತು 7 ಭಾಗಿಸುತ್ತವೆ. ಮನೆಗಳನ್ನು ಸಮಗುಂಪುಗಳಾಗಿ ಹಂಚಲು ಬಂದರೆ ಸಂಖ್ಯೆ ಒಡೆಯುತ್ತದೆ. ಚದುರಂಗದ 64 ಮನೆಗಳ ಮೊತ್ತವೂ ಹೀಗೆಯೇ 3ರಿಂದ ಒಡೆಯುತ್ತದೆ. 127 ಎಂಬುದು ಸ್ವತಃ ಅವಿಭಾಜ್ಯವಾದುದರಿಂದ ನಮ್ಮ ಮಣೆಯನ್ನು ಹಾಗೆ ಹಂಚಲಾಗದು.

ಆದರೆ ಘಾತಸೂಚಿ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗುವುದೆಂಬ ಭರವಸೆಯಿಲ್ಲ. 11 ಅವಿಭಾಜ್ಯ, ಆದರೆ ಎರಡರ ಹನ್ನೊಂದನೆಯ ಘಾತದಿಂದ ಒಂದು ಕಳೆದ 2047ನ್ನು ನೋಡಿರಿ. ಅದು 23 ಮತ್ತು 89ರ ಗುಣಲಬ್ಧ.

1644ರಲ್ಲಿ ಮೆರ್ಸೆನ್ ಒಂದು ಪಟ್ಟಿಯನ್ನು ಪ್ರಕಟಿಸಿದನು. 257ರವರೆಗಿನ ಘಾತಸೂಚಿಗಳಲ್ಲಿ 2, 3, 5, 7, 13, 17, 19, 31, 67, 127, 257 ಇವು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆಂದು ಅದರ ತಾತ್ಪರ್ಯ. ಅಷ್ಟು ದೊಡ್ಡ ಸಂಖ್ಯೆಗಳನ್ನು ಆತನು ಪರೀಕ್ಷಿಸಿರಲು ಸಾಧ್ಯವಿರಲಿಲ್ಲವೆಂಬುದು ಸಮಕಾಲೀನರಿಗೂ ಗೊತ್ತಿತ್ತು. ಆದರೆ ಅಲ್ಲಗಳೆಯಲು ಯಾರ ಬಳಿಯೂ ಸಾಧನವಿರಲಿಲ್ಲ. 1772ರಲ್ಲಿ ಆಯ್ಲರನು 31ನೆಯ ಘಾತದ ಸಂಖ್ಯೆ, ಅಂದರೆ 2,14,74,83,647, ಅವಿಭಾಜ್ಯವೇ ಸರಿಯೆಂದು ಸ್ಥಿರಪಡಿಸಿದನು. ಇಂಥ ಸಂಖ್ಯೆಯ ಭಾಜಕಗಳು ಕಂಡಕಂಡಂತೆ ಇರಲಾರವು, ಒಂದು ನಿಯಮಕ್ಕೆ ಒಳಪಟ್ಟೇ ಇರಬೇಕೆಂಬ ಸಿದ್ಧಾಂತದ ಬಲದಿಂದ, ಸಾವಿರಾರು ಭಾಗಾಕಾರಗಳು ನೂರಕ್ಕೂ ಕಡಮೆಯಾದುವು. ಆದರೆ 127ನೆಯ ಘಾತಕ್ಕೆ ಆ ಉಪಾಯವೂ ಸಾಲದು. ಪಟ್ಟಿ ಪ್ರಕಟವಾಗಿ 232 ವರ್ಷ ಕಳೆದ ಮೇಲೆಯೇ ಅದರ ಸತ್ಯಾಸತ್ಯ ಹೊರಬಿತ್ತು.

ಒಬ್ಬ ಉಪಾಧ್ಯಾಯನ ಸಾಧನೆ

ಇದನ್ನು ಸಾಧಿಸಿದಾತನು ಎಡ್ವರ್ಡ್ ಲೂಕಾ. 1842ರಲ್ಲಿ ಫ್ರಾನ್ಸಿನ ಆಮಿಯಾನ್ ಪಟ್ಟಣದಲ್ಲಿ ಜನಿಸಿದನು. 1870ರ ಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದನು. ಮುಂದೆ ಪ್ಯಾರಿಸಿನ ಪ್ರೌಢವಿದ್ಯಾಲಯಗಳಲ್ಲಿ ಗಣಿತದ ಉಪಾಧ್ಯಾಯನಾಗಿ ಬಾಳಿದನು. ನಮ್ಮ ವೃತ್ತಿಬಾಂಧವನೆಂಬ ಅಭಿಮಾನ ನಮಗಿದ್ದರೆ ವಾಚಕರು ಕ್ಷಮಿಸಬೇಕು. ಮಕ್ಕಳಾಟದ ಲೆಕ್ಕಗಳಲ್ಲಿ ಆತನಿಗೆ ಅಪಾರ ಆಸಕ್ತಿ. ‘ಹನಾಯ್ ಗೋಪುರ’ವೆಂಬ ಪ್ರಸಿದ್ಧ ಆಟವನ್ನು 1883ರಲ್ಲಿ ಪ್ರಚಾರಕ್ಕೆ ತಂದವನು ಈತನೇ. ಮೂರು ಕಂಬಗಳು, ಒಂದರಲ್ಲಿ ದೊಡ್ಡದರ ಮೇಲೆ ಸಣ್ಣದರಂತೆ ಪೇರಿಸಿದ ಬಿಲ್ಲೆಗಳು, ಒಮ್ಮೆಗೆ ಒಂದರಂತೆ, ಸಣ್ಣದರ ಮೇಲೆ ದೊಡ್ಡದನ್ನು ಇಡದೆ, ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಮೂರು ಬಿಲ್ಲೆಗಳಿಗೆ 7 ನಡೆ, ಏಳು ಬಿಲ್ಲೆಗಳಿಗೆ 127 ನಡೆ. 127 ಬಿಲ್ಲೆಗಳಿದ್ದರೆ? ಅದೇ ನಮ್ಮ ಮೂವತ್ತೊಂಬತ್ತಂಕಿಯ ಸಂಖ್ಯೆ! ಈ ಆಟಕ್ಕೆ ಕಾಶಿಯ ದೇವಾಲಯವೊಂದರಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಸಾಗಿಸುತ್ತಿದ್ದಾರೆ, ಮುಗಿದಾಗ ಪ್ರಳಯವಾಗುತ್ತದೆ ಎಂಬ ಕಥೆಯನ್ನು ಆ ಕಾಲದ ಫ್ರೆಂಚರು ಕಟ್ಟಿದರು. ನಮ್ಮ ಪುರಾಣಗಳಲ್ಲಿ ಅದಿಲ್ಲ. ಇದ್ದರೂ ಹೆದರಬೇಕಾದುದಿಲ್ಲ, ಕ್ಷಣಕ್ಕೊಂದು ನಡೆಯಂತೆ ನಡೆಸಿದರೂ 58 ಸಾವಿರ ಕೋಟಿ ವರ್ಷಗಳು ಬೇಕು.

ಇನ್ನು ಆತನ ಪರೀಕ್ಷೆ. ಅದನ್ನು 1930ರ ಸುಮಾರಿಗೆ ಅಮೆರಿಕದ ಲೇಮರ್ ಎಂಬ ಗಣಿತಜ್ಞನು ಇನ್ನಷ್ಟು ಸರಳಗೊಳಿಸಿದನು. ಆ ರೂಪವನ್ನೇ ಇಲ್ಲಿ ಕೊಡುತ್ತೇವೆ. 4ರಿಂದ ಆರಂಭಿಸಿರಿ. ಅದರ ವರ್ಗದಿಂದ 2 ಕಳೆಯಿರಿ. ಬಂದುದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. ಆ ಶೇಷವನ್ನು ಮತ್ತೆ ವರ್ಗ ಮಾಡಿ 2 ಕಳೆಯಿರಿ. ಘಾತಸೂಚಿಗಿಂತ ಎರಡು ಕಡಮೆ ಬಾರಿ ಹೀಗೆ ಮಾಡಬೇಕು. ಕೊನೆಗೆ ಶೇಷ ಸೊನ್ನೆಯಾದರೆ ಸಂಖ್ಯೆ ಅವಿಭಾಜ್ಯ, ಇಲ್ಲವಾದರೆ ಭಾಜ್ಯ. ಎರಡರ ಘಾತಸೂಚಿಯು ಎರಡಕ್ಕಿಂತ ದೊಡ್ಡ ಅವಿಭಾಜ್ಯವಾಗಿರುವಲ್ಲಿ ಈ ನಿಯಮ ಎಂದೂ ತಪ್ಪದು.

ಮಾಡಿ ನೋಡೋಣ. ಎರಡರ ಏಳನೆಯ ಘಾತದಿಂದ ಒಂದು ಕಳೆದರೆ 127. ಇಲ್ಲಿ ಐದು ಬಾರಿ ಮಾಡಬೇಕು.

4ರ ವರ್ಗ 16. ಎರಡು ಕಳೆದರೆ 14.
14ರ ವರ್ಗ 196, ಎರಡು ಕಳೆದರೆ 194, ಶೇಷ 67.
67ರ ವರ್ಗ 4489, ಎರಡು ಕಳೆದರೆ 4487, ಶೇಷ 42.
42ರ ವರ್ಗ 1764, ಎರಡು ಕಳೆದರೆ 1762, ಶೇಷ 111.
111ರ ವರ್ಗ 12321, ಎರಡು ಕಳೆದರೆ 12319, ಶೇಷ 0.

ಐದನೆಯ ಸಲಕ್ಕೆ ಸರಿಯಾಗಿ ಸೊನ್ನೆ ಬಂತು. ಆದುದರಿಂದ 127 ಅವಿಭಾಜ್ಯ. ಈಗ 2047ನ್ನು ತೆಗೆದುಕೊಳ್ಳಿರಿ. ಒಂಬತ್ತು ಬಾರಿ ಮಾಡಿದರೆ ಶೇಷಗಳು ಕ್ರಮವಾಗಿ 14, 194, 788, 701, 119, 1877, 240, 282, 1736. ಸೊನ್ನೆ ಬರಲಿಲ್ಲ, ಸಂಖ್ಯೆ ಒಡೆಯುತ್ತದೆ.

ಈ ಲೆಕ್ಕದಲ್ಲಿ ಭಾಗಾಕಾರವನ್ನೂ ತಪ್ಪಿಸಬಹುದು. 999ರಿಂದ ಭಾಗಿಸಿದ ಶೇಷ ಬೇಕಾದರೆ ಮೂರಂಕಿಯ ಗುಂಪುಗಳನ್ನು ಕೂಡಿಸಿದರೆ ಸಾಕಲ್ಲವೇ? 123456ಕ್ಕೆ 123 ಮತ್ತು 456 ಕೂಡಿ 579. ಸಾವಿರಕ್ಕೆ 999 ಕಳೆದರೆ ಒಂದು ಉಳಿಯುವುದೇ ಇದರ ಗುಟ್ಟು. ಅಂತೆಯೇ 128ಕ್ಕೆ 127 ಕಳೆದರೆ ಒಂದು ಉಳಿಯುತ್ತದೆ. 4487ರಲ್ಲಿ 128ರ ಗುಂಪುಗಳು 35, ಬಿಡಿ 7, ಕೂಡಿದರೆ 42. ಶೇಷ ಸಿಕ್ಕಿತು. ಸಂಖ್ಯೆಗಳನ್ನು ಒಂದು ಮತ್ತು ಸೊನ್ನೆಗಳ ದ್ವಿಮಾನ ಪದ್ಧತಿಯಲ್ಲಿ ಬರೆದರೆ, ಉದ್ದ ಸಾಲನ್ನು ಎರಡಾಗಿ ಕತ್ತರಿಸಿ ಕೂಡಿಸುವುದಷ್ಟೇ ಕೆಲಸ.

ನಮ್ಮ ದೊಡ್ಡ ಸಂಖ್ಯೆಗೆ ಇಂಥ ವರ್ಗಗಳು 125 ಬೇಕು. ಒಂದೊಂದರಲ್ಲಿಯೂ ಮೂವತ್ತೊಂಬತ್ತು ಅಂಕಿಗಳವರೆಗಿನ ಸಂಖ್ಯೆಯನ್ನು ತನ್ನಿಂದಲೇ ಗುಣಿಸಬೇಕು. ಒಂದಂಕಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಕಷ್ಟವಾದ ಕೆಲಸವೇ. ಆದರೆ ನಾಲ್ಕು ಲಕ್ಷ ವರ್ಷಗಳ ಕೆಲಸವೆಲ್ಲಿ, 125 ಗುಣಾಕಾರಗಳೆಲ್ಲಿ! ಲೂಕಾನ ಫಲಿತವನ್ನು ಲೋಕವು ಕಣ್ಣುಮುಚ್ಚಿ ಒಪ್ಪಿಕೊಳ್ಳಲೂ ಇಲ್ಲ. 1914ರಲ್ಲಿ ಫೋಕಾಂಬೆರ್ಗ್ ಎಂಬ ಫ್ರೆಂಚ್ ಗಣಿತಜ್ಞನು ಮತ್ತೊಮ್ಮೆ ಲೆಕ್ಕಹಾಕಿ ತಾಳೆ ನೋಡಿದನು, ಸರಿಯಾಗಿಯೇ ಇತ್ತು.

ಭಾಜಕ ಕಾಣದ ಭಾಜ್ಯ

ಇದೇ ಪರೀಕ್ಷೆಯ ಇನ್ನೊಂದು ಮುಖ ವಿಚಾರಯೋಗ್ಯವಾದುದು. ಮೆರ್ಸೆನ್ನನ ಪಟ್ಟಿಯಲ್ಲಿದ್ದ 67ನೆಯ ಘಾತದ ಸಂಖ್ಯೆ ಅವಿಭಾಜ್ಯವಲ್ಲವೆಂದು ಲೂಕಾನು ಅದೇ 1876ರಲ್ಲಿ ತೋರಿಸಿದನು. ಆದರೆ ಅದನ್ನು ಯಾವ ಸಂಖ್ಯೆ ಭಾಗಿಸುತ್ತದೆಂದು ಆತನಿಗೆ ಗೊತ್ತಿರಲಿಲ್ಲ! ಒಡೆಯುತ್ತದೆಂಬುದು ಖಚಿತ, ಎಲ್ಲಿ ಒಡೆಯುತ್ತದೆಂಬುದು ಅಜ್ಞಾತ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಕೋಲ್ ಎಂಬ ಪ್ರಾಧ್ಯಾಪಕನು ಅದಕ್ಕೆ ಉತ್ತರ ಕೊಟ್ಟನು. ಆತನು ಬಾಯಿ ತೆರೆಯದೆ ಹಲಗೆಯ ಒಂದು ಕಡೆ ಎರಡರ 67ನೆಯ ಘಾತವನ್ನು ಲೆಕ್ಕಿಸಿ ಒಂದು ಕಳೆದನೆಂದೂ, ಇನ್ನೊಂದು ಕಡೆ ಎರಡು ಸಂಖ್ಯೆಗಳನ್ನು ಗುಣಿಸಿ ಅದೇ ಉತ್ತರವನ್ನು ತೋರಿಸಿ ಸುಮ್ಮನೆ ಹೋಗಿ ಕುಳಿತನೆಂದೂ ಹೇಳುವುದುಂಟು. ಆ ಸಂಖ್ಯೆಗಳು 193707721 ಮತ್ತು 761838257287, ಗುಣಲಬ್ಧ 147573952589676412927. ಇದನ್ನು ಹುಡುಕಲು ಮೂರು ವರ್ಷಗಳ ಭಾನುವಾರಗಳು ಬೇಕಾದುವೆಂದು ಆತನು ಹೇಳಿದನಂತೆ.

ಕಡೆಗೆ ಮೆರ್ಸೆನ್ನನ ಪಟ್ಟಿಯಲ್ಲಿ ಐದು ತಪ್ಪುಗಳಿದ್ದುವೆಂದು ತೀರ್ಮಾನವಾಯಿತು. 67 ಮತ್ತು 257 ಸೇರಬಾರದಿತ್ತು. 61, 89, 107 ಬಿಟ್ಟುಹೋಗಿದ್ದುವು. ಮೂರು ಶತಮಾನ ಹಿರಿಯರ ಮಾತೆಂದು ನಡೆದುಬಂದ ಪಟ್ಟಿ ಅದು. ಅದರಲ್ಲಿ 127 ಸರಿಯಾಗಿತ್ತು, 67 ತಪ್ಪಾಗಿತ್ತು. ಎರಡನ್ನೂ ಹೇಳಿದಾತನು ಒಬ್ಬನೇ. ಯಾರು ಹೇಳಿದರೆಂಬುದರಿಂದ ಸರಿತಪ್ಪು ನಿರ್ಣಯವಾಗದು. ತಾಳೆ ನೋಡಿದ ಮೇಲೆಯೇ ನಿರ್ಣಯ.

ಈ ಸಂಖ್ಯೆಯ ಬಂಧುಬಳಗ

ನಮ್ಮ ಸಂಖ್ಯೆಯ ಬಂಧುಗಳೂ ಸಾಮಾನ್ಯರಲ್ಲ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾದುದು ಪರಿಪೂರ್ಣ ಸಂಖ್ಯೆ. 6ರ ಭಾಜಕಗಳು 1, 2, 3, ಮೊತ್ತ 6. 28ಕ್ಕೆ 1, 2, 4, 7, 14, ಮೊತ್ತ 28. ಮೆರ್ಸೆನ್ ಜಾತಿಯ ಪ್ರತಿಯೊಂದು ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಗೆ ಜನ್ಮ ಕೊಡುತ್ತದೆಂದು ಯೂಕ್ಲಿಡನೇ ತೋರಿಸಿದ್ದನು. ನಮ್ಮ ಸಂಖ್ಯೆಯನ್ನು ಎರಡರ 126ನೆಯ ಘಾತದಿಂದ ಗುಣಿಸಿದರೆ 77 ಅಂಕಿಗಳ ಪರಿಪೂರ್ಣ ಸಂಖ್ಯೆಯೊಂದು ಸಿಗುತ್ತದೆ. ಗಾತ್ರದ ಕ್ರಮದಲ್ಲಿ ಆ ಜಾತಿಯ ಅವಿಭಾಜ್ಯಗಳಲ್ಲಿ ನಮ್ಮದು ಹನ್ನೆರಡನೆಯದು.

ಇನ್ನೊಂದು ವಂಶಾವಳಿಯನ್ನು ನೋಡಿರಿ. ಎರಡರ ಎರಡನೆಯ ಘಾತದಿಂದ ಒಂದು ಕಳೆದರೆ 3. ಎರಡರ ಮೂರನೆಯ ಘಾತದಿಂದ ಒಂದು ಕಳೆದರೆ 7. ಎರಡರ ಏಳನೆಯದರಿಂದ 127. ಎರಡರ 127ನೆಯದರಿಂದ ನಮ್ಮ ಸಂಖ್ಯೆ. ಐದು ತಲೆಮಾರೂ ಅವಿಭಾಜ್ಯಗಳು! ಆರನೆಯ ತಲೆಮಾರು, ಅಂದರೆ ನಮ್ಮ ಸಂಖ್ಯೆಯನ್ನೇ ಘಾತಸೂಚಿಯಾಗಿಟ್ಟು ಒಂದು ಕಳೆದುದು, ಅವಿಭಾಜ್ಯವೇ? ಕೆಟಲಾನ್ ಎಂಬ ಗಣಿತಜ್ಞನು ಎತ್ತಿದ ಈ ಪ್ರಶ್ನೆಗೆ ಉತ್ತರ ಯಾರಿಗೂ ತಿಳಿದಿಲ್ಲ. ಆ ಸಂಖ್ಯೆಯನ್ನು ಬರೆದರೆ ಅಂಕಿಗಳ ಎಣಿಕೆಯೇ ಮೂವತ್ತೆಂಟು ಅಂಕಿಗಳಷ್ಟಾಗುತ್ತದೆ. ಅದನ್ನು ಬರೆಯಲು ಭೂಮಿಯ ಮೇಲಿನ ಕಾಗದವೆಲ್ಲವೂ ಸಾಲದು. ಹಾಗಿರುವಾಗ ಲೂಕಾನ ಪರೀಕ್ಷೆಯನ್ನು ನಡೆಸುವುದು ಕನಸಿನ ಮಾತು. ಬೇರೆ ಯುಕ್ತಿ ಹೊಳೆಯುವವರೆಗೆ ಕಾಯಬೇಕು.

75 ವರ್ಷಗಳ ಕಾಲ ನಮ್ಮ ಸಂಖ್ಯೆಯೇ ತಿಳಿದಿದ್ದ ಅವಿಭಾಜ್ಯಗಳಲ್ಲಿ ದೊಡ್ಡದಾಗಿತ್ತು. 1951ರಲ್ಲಿ ಫೆರಿಯೆ ಎಂಬಾತನು ಮೇಜಿನ ಲೆಕ್ಕಯಂತ್ರದ ನೆರವಿನಿಂದ 44 ಅಂಕಿಗಳದೊಂದನ್ನು ಕಂಡನು. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಮತ್ತು ವ್ಹೀಲರ್ ಎಂಬಿಬ್ಬರು ವಿದ್ಯುನ್ಮಾನ ಗಣಕದಿಂದ 79 ಅಂಕಿಗಳದನ್ನು ಕಂಡರು. ಅದಾದರೂ ನಮ್ಮ ಸಂಖ್ಯೆಯ ಹೆಗಲೇರಿ ನಿಂತುದೇ: ನಮ್ಮದರ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದುದು. 1952ರಿಂದೀಚೆಗೆ ಗಣಕಗಳು ಲೂಕಾನ ಪರೀಕ್ಷೆಯನ್ನೇ ನಡೆಸುತ್ತ ಮುಂದೆ ಮುಂದೆ ಸಾಗಿವೆ. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬ ಅಮೆರಿಕದ ಸ್ವಯಂಸೇವಕನ ಶ್ರಮದಿಂದ ಎರಡರ 13,62,79,841ನೆಯ ಘಾತದಿಂದ ಒಂದು ಕಳೆದ ಸಂಖ್ಯೆ ಅವಿಭಾಜ್ಯವೆಂದು ಗೊತ್ತಾಯಿತು. ಅದರಲ್ಲಿ 4,10,24,320 ಅಂಕಿಗಳಿವೆ. ಈ ಮಾಸಪತ್ರಿಕೆಯಲ್ಲಿ ಅಚ್ಚು ಹಾಕಹೊರಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು.

ಪ್ರಯೋಜನವೇನು?

ಇಷ್ಟೆಲ್ಲ ಓದಿದ ಗೃಹಸ್ಥರು ‘ಇದರಿಂದ ಅಕ್ಕಿಯ ಬೆಲೆ ಇಳಿಯುತ್ತದೆಯೇ?’ ಎಂದು ಕೇಳಬಹುದು. ಇಳಿಯದು. ಆದರೆ ಅಕ್ಕಿಯ ಬೆಲೆಯನ್ನು ಮೊಬೈಲಿನಿಂದ ಪಾವತಿ ಮಾಡುವಾಗ ನಮ್ಮ ಹಣ ಕಳ್ಳರ ಕೈಸೇರದಂತೆ ಕಾಯುವ ಉಪಾಯಗಳಲ್ಲಿ ಅವಿಭಾಜ್ಯಗಳಿಗೂ ಪಾತ್ರವುಂಟು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕೊಟ್ಟು ಅವುಗಳನ್ನು ಹುಡುಕೆಂದರೆ ಅಸಾಧ್ಯವೆನ್ನುವಷ್ಟು ಕಷ್ಟ. ಕೋಲನ ಭಾನುವಾರಗಳನ್ನು ನೆನೆಯಿರಿ. ಇದನ್ನೇ ಬೀಗವಾಗಿ ಮಾಡಬಹುದೆಂದು 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ತೋರಿಸಿಕೊಟ್ಟರು. ಆ ಬೀಗಗಳಿಗೆ ನೂರಾರು ಅಂಕಿಗಳ, ಯಾರಿಗೂ ತಿಳಿಯದಂತೆ ಆರಿಸಿದ ಅವಿಭಾಜ್ಯಗಳು ಬೇಕು. ನಮ್ಮದರಂತೆ ಊರಿಗೆಲ್ಲ ಗೊತ್ತಿರುವುದು ಆಗದು. ಆದರೆ ಭಾಗಿಸದೆಯೇ ಅವಿಭಾಜ್ಯವನ್ನು ಗುರುತಿಸಬಹುದೆಂಬ ಲೂಕಾನ ದಾರಿಯ ಮುಂದುವರಿಕೆಯಿಲ್ಲದೆ ಆ ಬೀಗಗಳೂ ಇಲ್ಲ. 1876ರಲ್ಲಿ ಆತನು ಬೀಗಕ್ಕಾಗಿ ದುಡಿಯಲಿಲ್ಲ; ಸರಿಯೋ ತಪ್ಪೋ ಎಂದು ತಿಳಿಯಬೇಕೆಂಬ ಹಂಬಲಕ್ಕಾಗಿ ದುಡಿದನು.

ಕೊನೆಯದಾಗಿ ಹೆತ್ತವರಲ್ಲಿ ಒಂದು ಮಾತು. ಪ್ರಾಥಮಿಕ ಶಾಲೆಯಲ್ಲಿ ಕನ್ನಡದಲ್ಲಿ ಲೆಕ್ಕ ಕಲಿತು ಮುಂದೆ ಬೇರೆ ಮಾಧ್ಯಮಕ್ಕೆ ಹೋಗುವ ನಮ್ಮ ಗಡಿನಾಡಿನ ಮಕ್ಕಳು, ಹೆಸರು ಬದಲಾದುದನ್ನು ಕಂಡು ವಿಷಯವೇ ಬದಲಾಯಿತೆಂದು ಅಂಜುವುದನ್ನು ನಾವು ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದೇವೆ. ಕೆಲವರು ಆ ಅಂಜಿಕೆಯಿಂದಲೇ ಗಣಿತವನ್ನು ಬಿಟ್ಟರು. ಅಂಥ ಮಗುವಿನ ಮುಂದೆ ಈ ಮೂವತ್ತೊಂಬತ್ತು ಅಂಕಿಗಳನ್ನಿಟ್ಟು 1001ರ ಲೆಕ್ಕವನ್ನು ಮಾಡಿಸಿರಿ. ಫ್ರೆಂಚಿನಲ್ಲಿ ಯೋಚಿಸಿದಾತನು ಕಂಡುದನ್ನು ಕನ್ನಡದಲ್ಲಿ ಯೋಚಿಸಿ ತಾಳೆ ನೋಡಬಹುದೆಂಬ ಧೈರ್ಯ ಅದಕ್ಕೆ ಬರಲಿ. ಅಷ್ಟಾದರೆ ಹೆಸರು ಯಾವುದಾದರೇನು?

ಈ ತಿಂಗಳ ಅಭ್ಯಾಸ

1. ಎರಡರ 13ನೆಯ ಘಾತದಿಂದ ಒಂದು ಕಳೆದರೆ 8191. ಲೂಕಾ–ಲೇಮರ್ ಪರೀಕ್ಷೆಯನ್ನು ಹನ್ನೊಂದು ಬಾರಿ ನಡೆಸಿ, ಪ್ರತಿಯೊಂದು ಶೇಷವನ್ನೂ ಬರೆಯಿರಿ.
2. ಎರಡರ 9ನೆಯ ಘಾತದಿಂದ ಒಂದು ಕಳೆದರೆ 511. ಕಾಳಿನ ಮನೆಗಳನ್ನು ಗುಂಪು ಮಾಡುವ ಕ್ರಮದಿಂದಲೇ ಇದರ ಭಾಜಕವೊಂದನ್ನು ಹೇಳಿರಿ.
3. ರಟ್ಟಿನ ಬಿಲ್ಲೆಗಳನ್ನು ಕತ್ತರಿಸಿ ಐದು ಬಿಲ್ಲೆಗಳ ಹನಾಯ್ ಗೋಪುರವನ್ನು ಮನೆಯ ಮಕ್ಕಳಿಂದ ಸಾಗಿಸಿರಿ. ಕನಿಷ್ಠ ಎಷ್ಟು ನಡೆಗಳು ಬೇಕು?

ಕಳೆದ ತಿಂಗಳ ಲೆಕ್ಕದ ಉತ್ತರ: 48 ಮತ್ತು 180ರ ಮ.ಸಾ.ಅ. 12, ಲ.ಸಾ.ಅ. 720.

ಮುಂದಿನ ತಿಂಗಳು ಪರಿಪೂರ್ಣ ಸಂಖ್ಯೆಗಳ ವಿಚಾರವನ್ನು ವಿಸ್ತಾರವಾಗಿ ನೋಡೋಣ.